ಮಾರ್ಕ್ ಎಷ್ಟು, ಫ್ರಾಂಕ್ ಎಷ್ಟು: ಹಳೆಯ ಜರ್ಮನ್–ಸ್ವಿಸ್ ವಿನಿಮಯ ದರ ತೆಗೆಯುವ ಬಗೆ

ಮಂಗಳೂರು, ಉಡುಪಿ ಕಡೆಯ ಹಳೆಯ ಕಾಗದಪತ್ರಗಳಲ್ಲಿ ಮಾರ್ಕ್ ಮತ್ತು ಫ್ರಾಂಕ್ ಜೊತೆಜೊತೆಗೆ ಸಿಗುತ್ತವೆ, ಅದಕ್ಕೆ ಕಾರಣವೂ ಇದೆ. 1834ರಲ್ಲಿ ಇಲ್ಲಿಗೆ ಬಂದ ಬಾಸೆಲ್ ಮಿಶನ್ನಿನ ಕಚೇರಿ ಇದ್ದದ್ದು ಸ್ವಿಟ್ಜರ್ಲೆಂಡಿನಲ್ಲಿ. ಇಲ್ಲಿ ದುಡಿದ ಪಾದ್ರಿಗಳಲ್ಲಿ ಅನೇಕರು ವುರ್ಟೆಂಬರ್ಗ್ ಮೊದಲಾದ ದಕ್ಷಿಣ ಜರ್ಮನ್ ಸೀಮೆಯವರು. ಮಿಶನ್ನಿನ ವ್ಯಾಪಾರ ಕಂಪೆನಿ 1859ರಲ್ಲಿ ಬಾಸೆಲಿನಲ್ಲಿ ಹುಟ್ಟಿತು, ಜೆಪ್ಪುವಿನ ಹಂಚಿನ ಕಾರ್ಖಾನೆ 1865ರಲ್ಲಿ ಶುರುವಾಯಿತು. ಹೀಗಾಗಿ ಒಂದೇ ಪತ್ರದಲ್ಲಿ ಮನೆಯವರು ಕಳಿಸಿದ ಹಣ ಮಾರ್ಕಿನಲ್ಲಿ, ಕಚೇರಿಯ ಲೆಕ್ಕ ಫ್ರಾಂಕಿನಲ್ಲಿ, ಇಲ್ಲಿನ ಖರ್ಚು ರೂಪಾಯಿ–ಆಣೆ–ಪೈಗಳಲ್ಲಿ ಇರುವುದು ಸಾಮಾನ್ಯ. ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಪತ್ರಾಗಾರದಲ್ಲಿ ಕೂತು ಓದುವವರಿಗೂ, ಅಜ್ಜನ ಟ್ರಂಕಿನಲ್ಲಿ ಹಳೆಯ ರಸೀದಿ ಸಿಕ್ಕವರಿಗೂ ಪ್ರಶ್ನೆ ಒಂದೇ: ಈ ಮಾರ್ಕಿಗೆ ಆಗ ಎಷ್ಟು ಫ್ರಾಂಕ್?

ಈ ಪ್ರಶ್ನೆಗೆ ಇಂಟರ್‌ನೆಟ್ಟಿನಲ್ಲಿ ಒಂದು ಸಂಖ್ಯೆ ಹುಡುಕಿ ಗುಣಿಸಿದರೆ ಬಹಳ ಸಲ ತಪ್ಪುತ್ತದೆ. ಮಾರ್ಕ್ ಎಂಬ ಹೆಸರು ಒಂದೇ ಆದರೂ ಅದರ ಹಿಂದೆ ಇದ್ದ ಹಣ ಹಲವು ಬಗೆಯದು. ಆದ್ದರಿಂದ ಯಾವ ಮಾರ್ಕ್, ಯಾವ ದಿನ, ಎತ್ತ ಕಡೆಯ ದರ, ಯಾವ ಬಗೆಯ ದರ ಎಂಬ ನಾಲ್ಕನ್ನು ಇತ್ಯರ್ಥ ಮಾಡಿಕೊಂಡ ಮೇಲೆಯೇ ಕ್ಯಾಲ್ಕುಲೇಟರ್ ಮುಟ್ಟಬೇಕು.

ಮೊದಲು ಕಾಗದವನ್ನು ಸರಿಯಾಗಿ ಓದಿ

ಅಂಕಿಗಳಲ್ಲೇ ಎಡವುವವರು ಹೆಚ್ಚು. ಜರ್ಮನ್ ಬರಹದಲ್ಲಿ ಸಾವಿರದ ಜಾಗದಲ್ಲಿ ಚುಕ್ಕೆ, ದಶಮಾಂಶದ ಜಾಗದಲ್ಲಿ ಅಲ್ಪವಿರಾಮ. 1.250,50 ಎಂದಿದ್ದರೆ ಅದು ಒಂದೂಕಾಲು ಅಲ್ಲ, ಸಾವಿರದ ಇನ್ನೂರ ಐವತ್ತೂವರೆ. ಸ್ವಿಸ್ ಲೆಕ್ಕದಲ್ಲಿ ಸಾವಿರದ ಜಾಗಕ್ಕೆ ಮೇಲ್ಗಡೆ ಒಂದು ಸಣ್ಣ ಗೀಟು ಬರುತ್ತದೆ: 1'250. ಕೈಬರಹದ ಒಂದಕ್ಕೆ ಎಡಗಡೆ ಉದ್ದನೆಯ ಏರುಗೆರೆ ಇರುವುದರಿಂದ ನಮ್ಮ ಕಣ್ಣಿಗೆ ಅದು ಏಳರಂತೆ ಕಾಣುತ್ತದೆ. ಅವರ ಏಳಕ್ಕೆ ಸಾಮಾನ್ಯವಾಗಿ ನಡುವೆ ಅಡ್ಡಗೆರೆ ಇರುತ್ತದೆ. ಅನುಮಾನ ಬಂದರೆ ಅದೇ ಕೈ ಬರೆದ ತಾರೀಕುಗಳನ್ನು ನೋಡಿ ಹೋಲಿಸಿ.

ಆಮೇಲೆ ಗುರುತುಗಳು. 'ಎಫ್‌ಎಲ್' ಎಂಬ ಎರಡಕ್ಷರ ಇದ್ದರೆ ಅದು ಫ್ರಾಂಕ್ ಅಲ್ಲ, ಮಾರ್ಕಿಗೆ ಮುಂಚೆ ದಕ್ಷಿಣ ಜರ್ಮನಿಯಲ್ಲಿ ನಡೆಯುತ್ತಿದ್ದ ಗುಲ್ಡೆನ್ ಎಂಬ ಹಣ. 'ಎಫ್‌ಆರ್' ಎಂದಿದ್ದರೆ ಮಾತ್ರ ಫ್ರಾಂಕ್. ಗುಲ್ಡೆನ್ನಿಗೆ 60 ಕ್ರೊಯ್‌ಟ್ಸರ್, ಮಾರ್ಕಿಗೆ 100 ಫೆನ್ನಿಗ್, ಫ್ರಾಂಕಿಗೆ 100 ರಾಪೆನ್. ಚಿಲ್ಲರೆಯ ಕಾಲಂನಲ್ಲಿ 60ಕ್ಕಿಂತ ದೊಡ್ಡ ಅಂಕಿಯೇ ಕಾಣದಿದ್ದರೆ ಗುಲ್ಡೆನ್ ಎಂದು ಊಹಿಸಿ, ಬೇರೆ ಸಾಕ್ಷಿ ಹುಡುಕಿ.

ಒಂದೇ ಸಾಲಿನಲ್ಲಿ ಎರಡು ಕರೆನ್ಸಿಯ ಮೊತ್ತವೂ ಇದ್ದರೆ ಅದೃಷ್ಟ. ಒಂದನ್ನು ಇನ್ನೊಂದರಿಂದ ಭಾಗಿಸಿ; ಆ ದಿನ ಆ ಗುಮಾಸ್ತ ಬಳಸಿದ ದರ ಅದೇ, ಅದಕ್ಕಿಂತ ಒಳ್ಳೆಯ ದಾಖಲೆ ಯಾವ ಪಟ್ಟಿಯಲ್ಲೂ ಸಿಗದು. 'ಆಗಿಯೊ' ಎಂಬ ಹೆಸರಿನ ಕಾಲಂ ಕಂಡರೆ ಅದು ವಿನಿಮಯದ ವಟ್ಟದ ಲೆಕ್ಕ. ಮೂಲ ಮೊತ್ತಕ್ಕೆ ಸೇರಿಸಿಬಿಡಬೇಡಿ.

ಚಿನ್ನದ ಕಾಲ: 1876ರಿಂದ 1914ರ ತನಕ

ಈ ಅವಧಿಯ ಲೆಕ್ಕ ಎಲ್ಲಕ್ಕಿಂತ ಸುಲಭ, ಮತ್ತು ಕರಾವಳಿಯ ಮಿಶನ್ ಕಾಗದಗಳಲ್ಲಿ ಬಹಳಷ್ಟು ಈ ಅವಧಿಯವೇ. ಎರಡೂ ನಾಣ್ಯಗಳ ತೂಕ ಕಾನೂನಿನಲ್ಲಿ ಬರೆದಿತ್ತು. ಜರ್ಮನಿಯಲ್ಲಿ ಒಂದು ಕಿಲೋ ಅಪ್ಪಟ ಚಿನ್ನಕ್ಕೆ 2790 ಮಾರ್ಕ್. ಫ್ರಾಂಕಿನಲ್ಲಿ ಒಂದು ಗ್ರಾಮಿನ 31ರಲ್ಲಿ 9 ಪಾಲು, ಅಂದರೆ 0.29032 ಗ್ರಾಂ ಅಪ್ಪಟ ಚಿನ್ನ. ಈಗ 9ನ್ನು 31ರಿಂದ ಭಾಗಿಸಿ 2.79ರಿಂದ ಗುಣಿಸಿ: ಸರಿಯಾಗಿ 0.81 ಬರುತ್ತದೆ, ಒಂದು ಚೂರೂ ಹೆಚ್ಚು–ಕಡಿಮೆ ಇಲ್ಲ. ಅಂದರೆ 100 ಫ್ರಾಂಕಿಗೆ 81 ಮಾರ್ಕ್. ತಿರುಗಿಸಿದರೆ 100 ಮಾರ್ಕಿಗೆ 123.46 ಫ್ರಾಂಕ್.

ನಿಜವಾದ ಪೇಟೆ ದರ ಇದರ ಸುತ್ತಮುತ್ತ ಸ್ವಲ್ಪವೇ ಆಚೀಚೆ ಆಡುತ್ತಿತ್ತು. ದರ ತುಂಬ ಕೆಟ್ಟರೆ ಹುಂಡಿ (ಇಂತಿಷ್ಟು ಹಣ ಕೊಡಬೇಕೆಂದು ಬರೆದ ವಿನಿಮಯ ಪತ್ರ) ಕೊಳ್ಳುವ ಬದಲು ಚಿನ್ನವನ್ನೇ ಕಟ್ಟಿ ಕಳಿಸುವುದು ಲಾಭ. ಹಾಗಾಗಿ ಸಾಗಣೆ ಮತ್ತು ವಿಮೆಯ ಖರ್ಚಿಗಿಂತ ಹೆಚ್ಚು ಅದು ಜಾರುತ್ತಿರಲಿಲ್ಲ. ನಿಮ್ಮ ಕಾಗದದಲ್ಲಿ ಭಾಗಿಸಿ ಬಂದ ದರ 123.46ರಿಂದ ಒಂದು ಶೇಕಡಾಕ್ಕಿಂತ ಹೆಚ್ಚು ದೂರ ಇದ್ದರೆ, ಒಂದೋ ಅಂಕಿ ತಪ್ಪು ಓದಿದ್ದೀರಿ, ಇಲ್ಲವೇ ಅದು ಮುದ್ದತಿನ ಹುಂಡಿ. ಹುಂಡಿ ದರದಲ್ಲಿ 'ಕಂಡಕೂಡಲೇ ಪಾವತಿ' ಮತ್ತು 'ಮೂರು ತಿಂಗಳ ಬಳಿಕ ಪಾವತಿ' ಬೇರೆ ಬೇರೆ. ಎರಡನೆಯದರಲ್ಲಿ ಬಡ್ಡಿ ಕಳೆದಿರುತ್ತದೆ. ವರ್ಷಕ್ಕೆ ನಾಲ್ಕು ಶೇಕಡಾ ಬಡ್ಡಿಯಾದರೆ ಮೂರು ತಿಂಗಳಿಗೆ ಒಂದು ಶೇಕಡಾ, 123.46 ಇಳಿದು ಸುಮಾರು 122.23 ಆಗುತ್ತದೆ.

ಸ್ವಿಸ್ ನ್ಯಾಷನಲ್ ಬ್ಯಾಂಕ್ ಕೆಲಸ ಶುರು ಮಾಡಿದ್ದೇ 1907ರಲ್ಲಿ. ಅದಕ್ಕೂ ಹಿಂದಿನ 'ಅಧಿಕೃತ ಕೇಂದ್ರ ಬ್ಯಾಂಕ್ ದರ' ಎಂದು ಯಾರಾದರೂ ಕೊಟ್ಟರೆ ಹುಬ್ಬೇರಿಸಿ. ಆ ಕಾಲಕ್ಕೆ ಸಿಗುವುದು ಪತ್ರಿಕೆಗಳಲ್ಲಿ ಅಚ್ಚಾದ ಪೇಟೆ ಪಟ್ಟಿಗಳು ಮಾತ್ರ.

ಗುಲ್ಡೆನ್ ಕಂಡರೆ

ಮಾರ್ಕ್ ಜರ್ಮನಿಯ ಏಕಮಾತ್ರ ಹಣವಾದದ್ದು 1876ರ ಜನವರಿ 1ರಿಂದ. ಅದಕ್ಕೆ ಮುಂಚೆ ವುರ್ಟೆಂಬರ್ಗ್, ಬಾಡೆನ್ ಕಡೆ ಗುಲ್ಡೆನ್ ನಡೆಯುತ್ತಿತ್ತು. 1857ರ ಒಪ್ಪಂದದ ಪ್ರಕಾರ 500 ಗ್ರಾಂ ಬೆಳ್ಳಿಗೆ ಐವತ್ತೆರಡೂವರೆ ಗುಲ್ಡೆನ್, ಅಂದರೆ ಒಂದಕ್ಕೆ 9.5238 ಗ್ರಾಂ. ಸ್ವಿಸ್ ಒಕ್ಕೂಟದ 1850ರ ಕಾನೂನಿನ ಫ್ರಾಂಕಿನಲ್ಲಿ 4.5 ಗ್ರಾಂ ಅಪ್ಪಟ ಬೆಳ್ಳಿ. ಭಾಗಿಸಿದರೆ ಒಂದು ಗುಲ್ಡೆನ್ನಿಗೆ 2.1164 ಫ್ರಾಂಕ್.

ಇದನ್ನೇ ಇನ್ನೊಂದು ದಾರಿಯಿಂದ ತಾಳೆ ನೋಡಬಹುದು. ಗುಲ್ಡೆನ್ ರದ್ದಾಗಿ ಮಾರ್ಕ್ ಬಂದಾಗ 7 ಗುಲ್ಡೆನ್ನಿಗೆ 12 ಮಾರ್ಕ್ ಎಂದು ನಿಗದಿಯಾಯಿತು. 120 ಗುಲ್ಡೆನ್ ಎಂದರೆ 205.71 ಮಾರ್ಕ್, 0.81ರಿಂದ ಭಾಗಿಸಿದರೆ 253.97 ಫ್ರಾಂಕ್. ಬೆಳ್ಳಿಯ ದಾರಿಯಲ್ಲಿ 120ನ್ನು 2.1164ರಿಂದ ಗುಣಿಸಿದರೂ ಅದೇ 253.97. ಇದೇನು ಪವಾಡವಲ್ಲ. ಒಂದು ಪಾಲು ಚಿನ್ನಕ್ಕೆ ಹದಿನೈದೂವರೆ ಪಾಲು ಬೆಳ್ಳಿ ಎಂಬ ಒಂದೇ ಅನುಪಾತವನ್ನು ಎರಡೂ ಕಡೆ ಹಿಡಿದಿದ್ದರು, ಅಷ್ಟೇ. ಎರಡು ದಾರಿಯ ಉತ್ತರ ಕೂಡದಿದ್ದರೆ ನಿಮ್ಮ ಲೆಕ್ಕದಲ್ಲಿ ಎಲ್ಲೋ ಸೋರಿಕೆ ಇದೆ.

1850ಕ್ಕಿಂತ ಹಿಂದಿನ ಪತ್ರಗಳಿಗೆ, ಎಂದರೆ ಮಂಗಳೂರಿನ ಮಿಶನ್ನಿನ ಮೊದಲ ಹದಿನಾರು ವರ್ಷಗಳಿಗೆ, ಈ ಫ್ರಾಂಕ್ ಹಚ್ಚಬೇಡಿ. ಆಗ ಒಂದೊಂದು ಕ್ಯಾಂಟನ್ನಿಗೂ (ಸ್ವಿಸ್ ಪ್ರಾಂತ್ಯಕ್ಕೂ) ಅದರದೇ ನಾಣ್ಯ.

ರೂಪಾಯಿ ನಡುವೆ ಬಂದಾಗ

ಮಂಗಳೂರಿಗೆ ಬರುವ ಹಣ ಲಂಡನ್ ದಾರಿಯಾಗಿ ಪೌಂಡಿನ ಮೂಲಕ ತಿರುಗುವುದು ಆಗಿನ ವಾಡಿಕೆ. ಚಿನ್ನದ ಲೆಕ್ಕದಲ್ಲಿ ಒಂದು ಪೌಂಡಿಗೆ 20.4295 ಮಾರ್ಕ್, 25.2215 ಫ್ರಾಂಕ್. 1890ರ ದಶಕದ ಕೊನೆಯಿಂದ ಮೊದಲ ಮಹಾಯುದ್ಧದ ತನಕ ಪೌಂಡಿಗೆ 15 ರೂಪಾಯಿ ಎಂಬುದು ಗಟ್ಟಿಯಾಗಿ ನಿಂತಿತ್ತು. ಹಾಗಾಗಿ ಆ ಕಾಲದ ಒಂದು ರೂಪಾಯಿಗೆ 1.362 ಮಾರ್ಕ್ ಅಥವಾ 1.681 ಫ್ರಾಂಕ್.

ಉದಾಹರಣೆಗೆ 1905ರ ಪತ್ರದಲ್ಲಿ 450 ಮಾರ್ಕ್ ಎಂದಿದೆ ಎನ್ನೋಣ. ಫ್ರಾಂಕಿನಲ್ಲಿ 450ನ್ನು 0.81ರಿಂದ ಭಾಗಿಸಿ: 555.56. ಪೌಂಡಿನಲ್ಲಿ 450ನ್ನು 20.4295ರಿಂದ ಭಾಗಿಸಿ: 22.027. ಹದಿನೈದರಿಂದ ಗುಣಿಸಿದರೆ 330.405 ರೂಪಾಯಿ. ಇದನ್ನು 330 ರೂಪಾಯಿ 40 ಪೈಸೆ ಎಂದು ಬರೆದರೆ ಮಾತ್ರ ನಗೆಪಾಟಲು. ರೂಪಾಯಿಗೆ ನೂರು ಪೈಸೆಯ ಲೆಕ್ಕ ಬಂದದ್ದು 1957ರಲ್ಲಿ. ದಶಮಾಂಶವನ್ನು 16ರಿಂದ ಗುಣಿಸಿ ಆಣೆ, ಉಳಿದ ದಶಮಾಂಶವನ್ನು 12ರಿಂದ ಗುಣಿಸಿ ಪೈ ತೆಗೆಯಿರಿ: 330 ರೂಪಾಯಿ 6 ಆಣೆ, ಸುಮಾರು 6 ಪೈ.

1893ಕ್ಕಿಂತ ಹಿಂದೆ ಹೋದರೆ ಈ 15ರ ಸೂತ್ರ ಕೆಲಸ ಮಾಡದು. ಆಗ ರೂಪಾಯಿ ಬೆಳ್ಳಿಯದು, 165 ಗ್ರೇನ್ ಅಂದರೆ 10.692 ಗ್ರಾಂ ಅಪ್ಪಟ ಬೆಳ್ಳಿ. ಹಳೆಯ ಅನುಪಾತದಲ್ಲಿ ಅದಕ್ಕೆ 2.376 ಫ್ರಾಂಕ್ ಬರಬೇಕಿತ್ತು. ಜರ್ಮನಿ ಚಿನ್ನಕ್ಕೆ ಹೊರಳಿದ 1870ರ ದಶಕದಿಂದ ಬೆಳ್ಳಿಯ ಬೆಲೆ ಕುಸಿಯುತ್ತ ಹೋಯಿತು, ಅದರ ಜೊತೆ ರೂಪಾಯಿಯೂ. 1893ರ ಜೂನ್‌ನಲ್ಲಿ ಸರಕಾರ ಟಂಕಸಾಲೆಗಳಲ್ಲಿ ಸಾರ್ವಜನಿಕರ ಬೆಳ್ಳಿಗೆ ಬಾಗಿಲು ಹಾಕಿತು. ಯುರೋಪಿನಿಂದ ಬಂದ ಅದೇ 100 ಫ್ರಾಂಕಿಗೆ ಬೆಳ್ಳಿಯ ಒಳ್ಳೆಯ ಕಾಲದಲ್ಲಿ 42 ರೂಪಾಯಿ, 1900ರ ಹೊತ್ತಿಗೆ ಐವತ್ತೊಂಬತ್ತೂವರೆ ರೂಪಾಯಿ. ಮಿಶನ್ನಿನ ರೂಪಾಯಿ ಲೆಕ್ಕ ಹಿಗ್ಗಿದ್ದನ್ನು ನೋಡಿ ದಾನ ಹೆಚ್ಚಾಯಿತು ಎಂದು ಬರೆಯುವ ಮುನ್ನ ಇದನ್ನು ಕಳೆದು ನೋಡಿ. ಇದೇ ಅವಧಿಯಲ್ಲಿ ಮಾರ್ಕ್–ಫ್ರಾಂಕ್ ದರ ಮಾತ್ರ ಅಲುಗಲಿಲ್ಲ. 1873ರಿಂದ 1890ರ ದಶಕದ ಕೊನೆಯ ತನಕದ ರೂಪಾಯಿಗೆ ಆಯಾ ವರ್ಷದ, ಸಾಧ್ಯವಾದರೆ ಆಯಾ ತಿಂಗಳ, ಲಂಡನ್ ದರವೇ ಬೇಕು.

ಯುದ್ಧದ ನಂತರದ 1927ರಲ್ಲಿ ರೂಪಾಯಿಗೆ 18 ಪೆನ್ಸ್ ಎಂದಾಯಿತು: ಪೌಂಡಿಗೆ 13 ರೂಪಾಯಿ 5 ಆಣೆ 4 ಪೈ.

1914ರಿಂದ 1924: ದಿನದ ದರವಿಲ್ಲದೆ ಕೈ ಹಾಕಬೇಡಿ

1914ರ ಆಗಸ್ಟಿನಲ್ಲಿ ಚಿನ್ನದ ಕೊಂಡಿ ಕಳಚಿತು. ಇಲ್ಲಿನ ಜರ್ಮನ್ ಪಾದ್ರಿಗಳನ್ನು ಬ್ರಿಟಿಷ್ ಸರಕಾರ ಬಂಧನದಲ್ಲಿಟ್ಟು ಆಮೇಲೆ ವಾಪಸು ಕಳಿಸಿತು, ಹಂಚಿನ ಕಾರ್ಖಾನೆಗಳು ಮುಂದೆ ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. ಹಾಗಾಗಿ ಮಂಗಳೂರಿನಲ್ಲಿ ಈ ಅವಧಿಯ ಮಾರ್ಕ್ ಲೆಕ್ಕ ಸಿಗುವುದು ಕಡಿಮೆ. ಸಿಕ್ಕರೆ ಊರಿಗೆ ಮರಳಿದ ಪಾದ್ರಿಗಳು ಇಲ್ಲಿನ ಪರಿಚಯದವರಿಗೆ ಬರೆದ ಪತ್ರಗಳಲ್ಲಿ.

ಯುದ್ಧಕ್ಕೆ ಮುಂಚೆ ಒಂದು ಡಾಲರಿಗೆ 4.20 ಮಾರ್ಕ್ ಇದ್ದದ್ದು 1923ರ ನವೆಂಬರ್ 20ರಂದು 4.2 ಲಕ್ಷ ಕೋಟಿ ಮಾರ್ಕ್ ಆಗಿತ್ತು. ಇಲ್ಲಿ ಒಂದು ದೊಡ್ಡ ಗುಂಡಿ ಇದೆ. ಜರ್ಮನ್ನರ 'ಬಿಲಿಯೋನ್' ಎಂದರೆ ಒಂದರ ಮುಂದೆ ಹನ್ನೆರಡು ಸೊನ್ನೆ, ನಮ್ಮ ಒಂದು ಲಕ್ಷ ಕೋಟಿ. ಇಂಗ್ಲಿಷಿನ ಬಿಲಿಯನ್ನಿಗೆ ಒಂಬತ್ತೇ ಸೊನ್ನೆ, ನಮ್ಮ ನೂರು ಕೋಟಿ. ಅದಕ್ಕೆ ಜರ್ಮನ್ನರ ಹೆಸರು 'ಮಿಲಿಯಾರ್ಡೆ'. ಹೆಸರು ನೋಡಿ ನೇರವಾಗಿ ಎತ್ತಿಕೊಂಡರೆ ಸಾವಿರ ಪಟ್ಟು ತಪ್ಪು. ಲಕ್ಷ ಕೋಟಿಯಲ್ಲೇ ಬರೆದುಕೊಳ್ಳುವುದು ನಮಗೆ ಕ್ಷೇಮ.

ಈ ಕಾಲದಲ್ಲಿ ಫ್ರಾಂಕ್ ಕೂಡ ಚಿನ್ನದ ಗೂಟ ಬಿಟ್ಟು ಅಲೆಯುತ್ತಿತ್ತು, ಆದ್ದರಿಂದ ಹಳೆಯ 0.81 ಹಿಡಿದು ಕೂರುವಂತಿಲ್ಲ. ನೇರ ದರ ಸಿಗದಿದ್ದರೆ ಡಾಲರಿನ ಮೂಲಕ ತೆಗೆಯಬೇಕು, ಬ್ಯಾಂಕಿನವರ ಭಾಷೆಯಲ್ಲಿ ಕ್ರಾಸ್ ರೇಟ್: ಡಾಲರಿಗೆ ಎಷ್ಟು ಮಾರ್ಕ್ ಎಂಬುದನ್ನು ಡಾಲರಿಗೆ ಎಷ್ಟು ಫ್ರಾಂಕ್ ಎಂಬುದರಿಂದ ಭಾಗಿಸಿದರೆ ಒಂದು ಫ್ರಾಂಕಿನ ಮಾರ್ಕ್ ಬೆಲೆ. ಸೂತ್ರ ಸರಿಯೇ ಎಂದು ಯುದ್ಧಪೂರ್ವದ ಅಂಕಿಗಳಲ್ಲಿ ಪರೀಕ್ಷಿಸಿ: 4.198ನ್ನು 5.1826ರಿಂದ ಭಾಗಿಸಿದರೆ 0.81 ಬರಲೇಬೇಕು. ಎರಡೂ ದರ ಒಂದೇ ದಿನದ್ದು, ಆದಷ್ಟು ಒಂದೇ ಊರಿನ ಪೇಟೆಯದು ಇರಲಿ. 1923ರ ಬೇಸಿಗೆಯ ನಂತರ ತಿಂಗಳ ಸರಾಸರಿ ಎಂಬುದಕ್ಕೆ ಅರ್ಥವೇ ಇಲ್ಲ. ತಿಂಗಳ ಮೊದಲ ವಾರದ ಮಾರ್ಕಿಗೂ ಕೊನೆಯ ವಾರದ ಮಾರ್ಕಿಗೂ ಸಂಬಂಧವಿರಲಿಲ್ಲ. ಪತ್ರದ ತಾರೀಕೇ ಬೇರೆ, ಹಣ ಕೈಸೇರಿದ ತಾರೀಕೇ ಬೇರೆ. ಹಡಗಿನ ಅಂಚೆ ವಾರಗಟ್ಟಲೆ ಹಿಡಿಯುತ್ತಿದ್ದ ದಿನಗಳಲ್ಲಿ ಈ ಅಂತರವೇ ಇಡೀ ಮೊತ್ತವನ್ನು ನುಂಗುತ್ತಿತ್ತು.

1923ರ ನವೆಂಬರಿನಲ್ಲಿ ಬಂದ ಹೊಸ ಹಣ ರೆಂಟೆನ್‌ಮಾರ್ಕ್; ಅದು ಒಂದಕ್ಕೆ ಒಂದು ಲಕ್ಷ ಕೋಟಿ ಕಾಗದದ ಮಾರ್ಕ್. ಹನ್ನೆರಡು ಸೊನ್ನೆ ಹೊಡೆದುಹಾಕಿದರೆ ಡಾಲರಿಗೆ ಮತ್ತೆ 4.20. 1924ರ ರೈಶ್‌ಮಾರ್ಕ್ ಕೂಡ ಕಿಲೋ ಚಿನ್ನಕ್ಕೆ 2790 ಎಂಬ ಹಳೆಯ ಅಳತೆಯನ್ನೇ ಹಿಡಿಯಿತು, ಫ್ರಾಂಕೂ ತನ್ನ ಹಳೆಯ ಜಾಗಕ್ಕೆ ಮರಳಿತು. 1920ರ ದಶಕದ ಉತ್ತರಾರ್ಧಕ್ಕೆ 81 ಮತ್ತೆ ಸಲ್ಲುತ್ತದೆ.

1931ರಿಂದ 1948: ಕಾಗದದ ಮೇಲಿನ ದರ

1931ರ ಜುಲೈಯಲ್ಲಿ ಜರ್ಮನಿ ವಿದೇಶಿ ವಿನಿಮಯಕ್ಕೆ ಕಡಿವಾಣ ಹಾಕಿತು. ಅಂದಿನಿಂದ ಅಧಿಕೃತ ದರ ಒಂದು, ನಿಜವಾಗಿ ಹೊರಗೆ ತರಬಹುದಾದ ಹಣದ ಬೆಲೆ ಇನ್ನೊಂದು. ವಿದೇಶಿಯರ ತಡೆಹಿಡಿದ ಖಾತೆಯ 'ಸ್ಪೆರ್‌ಮಾರ್ಕ್', ಪ್ರವಾಸಿಗಳಿಗೆ ಮಾರುತ್ತಿದ್ದ ಅಗ್ಗದ 'ರೈಸೆಮಾರ್ಕ್' ಹೀಗೆ ಹಲವು ಬಗೆ. ಇದರ ನಡುವೆ 1936ರ ಸೆಪ್ಟೆಂಬರ್ ಕೊನೆಯಲ್ಲಿ ಫ್ರಾಂಕ್ ತನ್ನ ಚಿನ್ನದ ಬೆಲೆಯಲ್ಲಿ ಸುಮಾರು 30 ಶೇಕಡಾ ಇಳಿಸಿಕೊಂಡಿತು. 100 ರೈಶ್‌ಮಾರ್ಕಿನ ಅಧಿಕೃತ ದರ 123ರಿಂದ 170ರ ಮೇಲಕ್ಕೆ ನೆಗೆಯಿತು. ಪಟ್ಟಿ ನೋಡಿ ಮಾರ್ಕ್ ಬಲವಾಯಿತು ಎಂದುಕೊಳ್ಳಬೇಡಿ. ಈ ಅವಧಿಯ ಮೊತ್ತ ಬರೆಯುವಾಗ 'ಅಧಿಕೃತ ದರದಲ್ಲಿ' ಎಂಬ ಮಾತು ಜೊತೆಗಿರಲೇಬೇಕು.

ಡಾಯ್ಚ್ ಮಾರ್ಕ್

1948ರ ಜೂನ್ 20ರಂದು ಪಶ್ಚಿಮ ಜರ್ಮನಿಯಲ್ಲಿ ಡಾಯ್ಚ್ ಮಾರ್ಕ್ ಬಂತು. ಸಂಬಳ, ಬಾಡಿಗೆಗೆ ಒಂದಕ್ಕೊಂದು. ಸಾಲಗಳಿಗೆ ಸಾಮಾನ್ಯವಾಗಿ ಹತ್ತಕ್ಕೊಂದು. ಬ್ಯಾಂಕ್ ಠೇವಣಿಗೆ ಕೊನೆಗೆ ದಕ್ಕಿದ್ದು ನೂರಕ್ಕೆ ಆರೂವರೆ. ಆದ್ದರಿಂದ 1948ರ ಆಚೀಚೆಯ ಮೊತ್ತಗಳನ್ನು ಒಂದೇ ಸರಣಿಯಲ್ಲಿ ಪೋಣಿಸಬೇಡಿ. ಪೂರ್ವ ಜರ್ಮನಿಯ ಮಾರ್ಕ್ ಬೇರೆಯೇ ಹಣ. ಪತ್ರ ಲೈಪ್ಸಿಗ್ ಕಡೆಯದಾದರೆ ಈ ಭಾಗ ನಿಮಗಲ್ಲ.

1949ರ ಸೆಪ್ಟೆಂಬರಿನಿಂದ ಡಾಲರಿಗೆ 4.20 ಡಾಯ್ಚ್ ಮಾರ್ಕ್. 1961ರ ಮಾರ್ಚ್ 6ರಿಂದ 4.00, 1969ರ ಅಕ್ಟೋಬರ್ 27ರಿಂದ 3.66. ಫ್ರಾಂಕಿನ ನಿಗದಿತ ಬೆಲೆ 1971ರ ಮೇ ತನಕ ಡಾಲರಿಗೆ 4.3728. ಭಾಗಿಸುತ್ತ ಹೋದರೆ 100 ಡಾಯ್ಚ್ ಮಾರ್ಕಿಗೆ ಮೊದಲು 104.1, ಆಮೇಲೆ 109.3, ಆಮೇಲೆ 119.5 ಫ್ರಾಂಕ್. ಇವು ನಿಗದಿತ ಬೆಲೆಗಳಿಂದ ತೆಗೆದ ಅಂಕಿಗಳು. ಪೇಟೆಯ ದರ ಒಂದೆರಡು ಶೇಕಡಾ ಆಚೀಚೆ ಇರುತ್ತದೆ. 1973ರ ಜನವರಿ 23ರಂದು ಫ್ರಾಂಕನ್ನು ತೇಲಿಬಿಟ್ಟ ಮೇಲೆ ಚಿತ್ರವೇ ಬದಲಾಯಿತು. ಫ್ರಾಂಕ್ ಎಷ್ಟು ಏರಿತೆಂದರೆ, 100 ಡಾಯ್ಚ್ ಮಾರ್ಕಿನ ದರ 80 ಫ್ರಾಂಕಿಗಿಂತ ಸಾಕಷ್ಟು ಮೇಲಿರಬೇಕು ಎಂದು 1978ರ ಅಕ್ಟೋಬರ್ 1ರಂದು ಸ್ವಿಸ್ ನ್ಯಾಷನಲ್ ಬ್ಯಾಂಕೇ ಹೇಳಬೇಕಾಯಿತು. ಆ ಬಳಿಕ ಶತಮಾನ ಮುಗಿಯುವ ತನಕ ಅದು ಎಂಬತ್ತು–ತೊಂಬತ್ತರ ಆಸುಪಾಸಿನಲ್ಲೇ ಆಡಿತು.

ಇಲ್ಲೇ ಅತಿ ಸಾಮಾನ್ಯ ತಪ್ಪು ಹುಟ್ಟುವುದು. 1900ರ 81 ಎಂದರೆ 100 ಫ್ರಾಂಕಿಗೆ ಇಷ್ಟು ಮಾರ್ಕ್. 1978ರ 80 ಎಂದರೆ 100 ಮಾರ್ಕಿಗೆ ಇಷ್ಟು ಫ್ರಾಂಕ್. ನೋಡಲು ಅವಳಿಗಳು, ಅರ್ಥ ತಿರುವುಮುರುವು. ಜ್ಯೂರಿಕ್ ಪೇಟೆ 100 ಮಾರ್ಕಿಗೆ ಎಷ್ಟು ಫ್ರಾಂಕ್ ಎಂದು ಬರೆಯುತ್ತಿತ್ತು, ಫ್ರಾಂಕ್‌ಫರ್ಟ್ ಪೇಟೆ 100 ಫ್ರಾಂಕಿಗೆ ಎಷ್ಟು ಮಾರ್ಕ್ ಎಂದು. ನೂರು ವರ್ಷದಲ್ಲಿ ಏನೂ ಬದಲಾಗಲಿಲ್ಲ ಎಂದು ಇವೆರಡನ್ನು ಪಕ್ಕಪಕ್ಕ ಇಟ್ಟವರಿದ್ದಾರೆ. ನಿಜಕ್ಕೂ ಫ್ರಾಂಕ್ ಒಂದೂವರೆ ಪಟ್ಟು ಮೇಲೇರಿತ್ತು. ಗುರುತಿಗೆ ಒಂದು ಅಂದಾಜು ಇಟ್ಟುಕೊಳ್ಳಿ: ಅಧಿಕೃತ ಲೆಕ್ಕದಲ್ಲಿ 1970ರ ದಶಕದ ನಡುವಿನ ತನಕ, 1914–24ರ ಗೊಂದಲ ಬಿಟ್ಟು, ಮಾರ್ಕ್ ದೊಡ್ಡದು, ಆಮೇಲೆ ಫ್ರಾಂಕ್ ದೊಡ್ಡದು. ಉತ್ತರ ಇದಕ್ಕೆ ಉಲ್ಟಾ ಬಂದರೆ ಗುಣಿಸಬೇಕಾದಲ್ಲಿ ಭಾಗಿಸಿದ್ದೀರಿ.

ಫ್ರಾಂಕ್‌ಫರ್ಟಿನ ಹಳೆಯ ಪಟ್ಟಿಗಳಲ್ಲಿ 'ಗೆಲ್ಡ್' ಮತ್ತು 'ಬ್ರೀಫ್' ಎಂಬ ಎರಡು ಕಾಲಂ ಇರುತ್ತವೆ. ಶಬ್ದಕೋಶ ನೋಡಿದರೆ 'ಹಣ', 'ಪತ್ರ' ಎಂದು ಸಿಗುತ್ತದೆ, ಅದು ಇಲ್ಲಿ ಉಪಯೋಗಕ್ಕೆ ಬಾರದು. ಗೆಲ್ಡ್ ಎಂದರೆ ಬ್ಯಾಂಕ್ ಕೊಳ್ಳುವ ದರ, ಬ್ರೀಫ್ ಎಂದರೆ ಮಾರುವ ದರ. ಎರಡರ ಸರಾಸರಿ 'ಮಿಟ್ಟೆಲ್‌ಕುರ್ಸ್'. ಸಂಶೋಧನೆಗೆ ಅದು ಸಾಕು. 'ನೋಟೆನ್' ಎಂದಿದ್ದರೆ ಕೌಂಟರಿನಲ್ಲಿ ನೋಟು ಬದಲಿಸುವ ದರ, 'ಡೆವೀಸೆನ್' ಎಂದಿದ್ದರೆ ಖಾತೆಯಿಂದ ಖಾತೆಗೆ ಹೋಗುವ ಹಣದ ದರ. ರವಿವಾರ ಅಥವಾ ರಜೆಯ ತಾರೀಕಾದರೆ ಹಿಂದಿನ ಕೆಲಸದ ದಿನದ ದರ ಹಿಡಿಯಿರಿ. ಈ ಸರಣಿಗಳನ್ನು ಜರ್ಮನಿಯ ಕೇಂದ್ರ ಬ್ಯಾಂಕಾದ ಡಾಯ್ಚ್ ಬುಂಡೆಸ್‌ಬ್ಯಾಂಕ್ ಮತ್ತು ಸ್ವಿಸ್ ನ್ಯಾಷನಲ್ ಬ್ಯಾಂಕ್ ತಮ್ಮ ಅಂಕಿಅಂಶಗಳ ಪುಟಗಳಲ್ಲಿ ಉಚಿತವಾಗಿ ಇಟ್ಟಿವೆ.

1999ರ ನಂತರ

1999ರ ಜನವರಿ 1ರಿಂದ ಒಂದು ಯೂರೋಗೆ 1.95583 ಡಾಯ್ಚ್ ಮಾರ್ಕ್ ಎಂದು ಶಾಶ್ವತವಾಗಿ ನಿಂತಿತು. ಆಮೇಲಿನ ಯಾವುದೇ ದಿನದ ಮಾರ್ಕ್–ಫ್ರಾಂಕ್ ದರ ಬೇಕಾದರೆ ಆ ದಿನದ ಯೂರೋ–ಫ್ರಾಂಕ್ ದರವನ್ನು 1.95583ರಿಂದ ಭಾಗಿಸಿ. 2011ರ ಸೆಪ್ಟೆಂಬರ್ 6ರಿಂದ 2015ರ ಜನವರಿ 15ರ ತನಕ ಸ್ವಿಸ್ ನ್ಯಾಷನಲ್ ಬ್ಯಾಂಕ್ ಯೂರೋಗೆ 1.20 ಫ್ರಾಂಕಿನ ಕೆಳಮಿತಿ ಕಾಯ್ದಿತ್ತು. ಆ ಲೆಕ್ಕದಲ್ಲಿ 100 ಮಾರ್ಕಿಗೆ 61.36 ಫ್ರಾಂಕ್.

ನಿಯಮದ ಪ್ರಕಾರ 1.95583ರಿಂದ ಭಾಗಿಸಬೇಕೇ ಹೊರತು ಅದನ್ನು ತಿರುಗಿಸಿ ದುಂಡಾಗಿಸಿದ ಸಂಖ್ಯೆಯಿಂದ ಗುಣಿಸುವಂತಿಲ್ಲ. ಒಂದು ಲಕ್ಷ ಮಾರ್ಕನ್ನು ಭಾಗಿಸಿದರೆ 51,129.19 ಯೂರೋ, 0.5113ರಿಂದ ಗುಣಿಸಿದರೆ 51,130; ಸೋಮಾರಿತನದಿಂದ 0.51 ಹಿಡಿದರೆ 51,000, ಅಂದರೆ 129 ಯೂರೋ ಖೋತಾ.

ಲೆಕ್ಕವನ್ನು ಎಕ್ಸೆಲ್‌ನಲ್ಲಿ ಇಡುವವರು ಮೂಲ ಮೊತ್ತ, ಮೂಲ ಕರೆನ್ಸಿಯ ಪೂರ್ತಿ ಹೆಸರು, ತಾರೀಕು, ದರ, 'ನೂರು ಯಾವುದಕ್ಕೆ ಎಷ್ಟು ಯಾವುದು' ಎಂಬ ದಿಕ್ಕು, ದರದ ಬಗೆ, ಎಲ್ಲಿಂದ ತೆಗೆದದ್ದು ಎಂಬ ಏಳು ಕಾಲಂ ಮಾಡಿ. ಬರೇ 'ಮಾರ್ಕ್' ಎಂದು ಬರೆದ ಹಾಳೆಯನ್ನು ಆರು ತಿಂಗಳ ನಂತರ ಬರೆದವರೇ ಬಿಡಿಸಲಾರರು. ದುಂಡಾಗಿಸುವುದನ್ನು ಕೊನೆಯ ಹೆಜ್ಜೆಗೆ ಬಿಡಿ.

ಟ್ರಂಕಿನಲ್ಲಿ ಕಾಗದದ ಬದಲು ನೋಟುಗಳೇ ಸಿಕ್ಕಿದರೆ: ಡಾಯ್ಚ್ ಮಾರ್ಕ್ ನೋಟು–ನಾಣ್ಯಗಳನ್ನು ಬುಂಡೆಸ್‌ಬ್ಯಾಂಕ್ ಈಗಲೂ ಕಾಲಮಿತಿಯಿಲ್ಲದೆ 1.95583ರ ದರದಲ್ಲಿ ಯೂರೋಗೆ ಬದಲಿಸಿಕೊಡುತ್ತದೆ. ಸ್ವಿಸ್ ನೋಟುಗಳಲ್ಲಿ 1976ರಿಂದ ಹೊರಬಂದ ಆರನೆಯ ಸರಣಿ ಮತ್ತು ಅದರ ನಂತರದವಕ್ಕೆ ಈಗ ಕಾಲಮಿತಿ ಇಲ್ಲ. ರೈಶ್‌ಮಾರ್ಕ್ ಮತ್ತು 1923ರ ಲಕ್ಷ ಕೋಟಿಯ ನೋಟುಗಳಿಗೆ ಯಾವ ಬ್ಯಾಂಕೂ ಬಿಡಿಕಾಸು ಕೊಡುವುದಿಲ್ಲ. ಅವನ್ನು ಕೊಳ್ಳುವವರು ಹಳೆ ನಾಣ್ಯ ಸಂಗ್ರಹಿಸುವವರು ಮಾತ್ರ, ಅದೂ ಮಡಿಕೆ ಬೀಳದೆ, ಗೆದ್ದಲು ಹಿಡಿಯದೆ ಉಳಿದಿದ್ದರೆ.